ನಾನು ಹಾರಿಸಿದ ಪುಟಗಳು

ಕಾದಂಬರಿಯಲ್ಲಿ ಒಬ್ಬರಾದರೂ ಒಳ್ಳೆಯವರು ಸಿಗದಿದ್ದರೆ, ಗೊತ್ತಿಲ್ಲದ ಮನೆಗೆ ಹೋಗಿ ಕೂರಲು ಕುರ್ಚಿ ಸಿಗದೆ ನಿಂತ ಹಾಗೆ ನನಗೆ. ಇದು ಕಾನ್ವೆಂಟ್ ಹತ್ತಿಸಿದ ಚಾಳಿ. ಮಂಗಳೂರಿನ ನಮ್ಮ ಸ್ಕೂಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್, ಹುಡುಗಿಯರು ಓದಬಾರದ ಪುಟಗಳಿಗೆ ಗುಂಡುಸೂಜಿ ಚುಚ್ಚಿಬಿಡುತ್ತಿದ್ದರು. ಸೂಜಿಯ ಆಚೆ ಏನಾಯಿತೆಂದು ತಿಳಿಯದೆಯೇ ನಾವು ಕಥೆಯ ಮಾರಲ್ ಬರೆದು ಫುಲ್ ಮಾರ್ಕ್ಸ್ ಪಡೆಯುತ್ತಿದ್ದೆವು.

ಈಚೆಗೆ ಕೊಚ್ಚಿಯ ಪಾಲಾರಿವಟ್ಟಂನ ನನ್ನ ಫ್ಲ್ಯಾಟಿನಲ್ಲಿ ಕೂತು ಓದಿದ ಕಾದಂಬರಿಯಲ್ಲಿ ಎಲ್ಲರೂ ಸಣ್ಣಬುದ್ಧಿಯವರೇ, ಒಬ್ಬರನ್ನು ಮೀರಿಸಿದವರು ಇನ್ನೊಬ್ಬರು. ನಾಯಕಿಯಂತೂ ಗೇಟಿನ ಸದ್ದು ಕೇಳಿದ್ದೇ ತಡ, ಹೊಸ ಚಕ್ಕುಲಿಯ ಡಬ್ಬಿಯನ್ನು ಮಂಚದಡಿಗೆ ತಳ್ಳಿ ಮೆತ್ತಗಾದ ಹಳೆಯದನ್ನು ತಟ್ಟೆಗೆ ಹಾಕುವವಳು. ಇದ್ದುದರಲ್ಲಿ ಅವಳ ತಂಗಿ ವಾಸಿ ಅನ್ನಿಸಿತು: ಸದಾ ನಗುಮುಖ, ಮೆದು ಮಾತು. ಸಿಟ್ಟು ಬಂದು ಪುಸ್ತಕ ಮಡಚಿಟ್ಟೆ. ಚಹಾ ಕುಡಿದು ಮತ್ತೆ ತೆರೆದೆ. ಬರೆದಾಕೆಯ ಕೈ ಎಂಥದ್ದು! ಯಾರನ್ನೂ ಬೈಯುವುದಿಲ್ಲ, ಯಾರ ಪರವಾಗಿಯೂ ವಕಾಲತ್ತು ಇಲ್ಲ. ಡಬ್ಬಿ ತಳ್ಳಿದ ಮೇಲೆ ನಾಯಕಿ ಮೊಣಕಾಲು ಹಿಡಿದುಕೊಂಡು ಏಳುತ್ತಾಳೆ ಎಂದು ಬರೆದು ಸುಮ್ಮನಾಗುತ್ತಾಳೆ. ಆ ಮೊಣಕಾಲು ನನ್ನನ್ನು ಗೆದ್ದುಬಿಟ್ಟಿತು.

ಪೇಚಾಟ ಶುರುವಾದದ್ದು ತಿರುವನಂತಪುರದಲ್ಲಿ. ಅಲ್ಲಿ ನನ್ನ ಅತ್ತಿಗೆ, ಅಂದರೆ ಯಜಮಾನರ ಅಕ್ಕ, ಇದ್ದಾರೆ. ಕಣ್ಣು ಮಂಜಾದಂದಿನಿಂದ ಅವರಿಗೆ ಓದಿ ಹೇಳುವುದು ನನ್ನ ಕೆಲಸ. ಅವರ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಅಕ್ಷರ ಬಾರದು. ಯಜಮಾನರು ಹೋದ ಮೇಲೆ ನನ್ನನ್ನು ಕನ್ನಡದಲ್ಲಿ ಗದರುವ ಮನೆ ಈ ಸೀಮೆಯಲ್ಲಿ ಅದೊಂದೇ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ತಂಪಾನೂರು ಸ್ಟೇಷನ್ನಿನಲ್ಲಿ ರೈಲಿಳಿದು ಆಟೋ ಹಿಡಿದು ಹೋದೆ. ಅತ್ತಿಗೆ ತಟ್ಟೆ ಮುಂದಿಟ್ಟು, “ಹಳೇ ಚಿಪ್ಸ್ ಮೊದಲು ಮುಗಿಸು. ಹೊಸತು ಆಮೇಲೆ ತೆಗೆಯುವ,” ಎಂದರು. ನನ್ನ ಬ್ಯಾಗಿನಲ್ಲಿದ್ದುದು ಅದೇ ಕಾದಂಬರಿ.

ಚಕ್ಕುಲಿಯ ಪುಟ ಬಂದಾಗ ನನ್ನೊಳಗಿನ ಸಿಸ್ಟರ್ ಎದ್ದು ಗುಂಡುಸೂಜಿ ಹುಡುಕಿದರು. ಡಬ್ಬಿಯನ್ನು ಹಾರಿಸಿದೆ. ಗಂಡನೊಡನೆಯ ಜಗಳವನ್ನು ಅರ್ಧ ನುಂಗಿದೆ. ನಾಯಕಿ ನನ್ನ ಬಾಯಲ್ಲಿ ಸಾಕ್ಷಾತ್ ಸೇಂಟ್ ಆದಳು.

ಅತ್ತಿಗೆ ಕೈ ಎತ್ತಿದರು. “ನಿಲ್ಲಿಸು ಮಾರಾಯ್ತಿ. ಇಷ್ಟು ಒಳ್ಳೆಯವಳಾದ್ರೆ ಗಂಡ ಯಾಕೆ ಮಾತು ಬಿಟ್ಟದ್ದು? ಎಂತ ನುಂಗಿದೆ ನೀನು?”

“ಎಂತ ಇಲ್ಲ ಅತ್ತಿಗೆ, ಸ್ವಲ್ಪ ಬೋರಿಂಗ್ ಉಂಟು, ಅದಕ್ಕೆ...”

“ಬೋರ್ ಆದ್ರೆ ನಾನು ನಿದ್ದೆ ಮಾಡ್ತೇನೆ. ನೀನು ಓದು.”

ಡಬ್ಬಿ, ಮಂಚ, ಮೊಣಕಾಲು, ಯಾವುದನ್ನೂ ಬಿಡದೆ ಓದಿದೆ. ತಲೆಯೆತ್ತಲು ಹೆದರಿಕೆ. ಕೇಳಿಸಿದ್ದು ನಗು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ಅಯ್ಯೋ, ಇದು ನಾನೇ ಅಲ್ವಾ! ಬರೆದವಳಿಗೆ ಯಾರು ಹೇಳಿದ್ದು?”

ಹೋದ ಜೀವ ಬಂದಂತಾಗಿ ನಾನೂ ನಕ್ಕೆ. ಅಷ್ಟರಲ್ಲಿ ಅವರು ನನ್ನತ್ತ ತಿರುಗಿ, “ಮತ್ತೆ ಆ ತಂಗಿ ಉಂಟಲ್ಲ, ಬಾಯಲ್ಲಿ ಜೇನು, ಹೊಟ್ಟೆಯೊಳಗಿನದ್ದು ಒಂದೂ ಹೊರಗೆ ಬಿಡದವಳು, ಅವಳು ಯಾರು ಗೊತ್ತುಂಟಾ?” ಎಂದರು.

ಪುಸ್ತಕದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ನಾನು ಕೂರಿಸಿಟ್ಟಿದ್ದು ಆಕೆಯನ್ನೇ. ತಟ್ಟೆಯಿಂದ ಒಂದು ಚಿಪ್ಸ್ ಎತ್ತಿ ಕಚ್ಚಿದೆ.

“ಅತ್ತಿಗೆ, ಈ ಚಿಪ್ಸ್ ಮೆತ್ತಗಾಗಿದೆ. ಹೊಸತು ತೆಗೀರಿ.”

“ಅಬ್ಬ, ಈಗಾದ್ರೂ ಹೇಳಿದೆಯಲ್ಲ!” ಎಂದು ಅತ್ತಿಗೆ ಮೊಣಕಾಲು ಹಿಡಿದುಕೊಂಡು ಎದ್ದರು.