ಮೀನಿನ ತೊಟ್ಟಿಯ ದೇವರು ಮತ್ತು ಮಾವನ ಬೂಟು

ನಾನು ಮದುವೆಯಾಗಿ ಚಿನ್ನದ ಗಣಿಯ ಊರು ಉರಿಗಾಮಿಗೆ ಬಂದಾಗ ಕರೆಂಟು ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಬಂಗಾರಪೇಟೆಯಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಸೀಮೆಎಣ್ಣೆ ಬುಡ್ಡಿಯೇ ಗತಿ. ಗಂಡನ ಮನೆಯಲ್ಲಿ ಮೂರು ಬಲ್ಬುಗಳಿದ್ದವು, ಜೊತೆಗೆ ಮಾವ ಇದ್ದರು. ಮಾವ ಗಣಿಯಲ್ಲಿ ಎಲೆಕ್ಟ್ರಿಷಿಯನ್ನರ ಮೇಸ್ತ್ರಿ. ಊಟಕ್ಕೆ ಕೂತರೆ ಅವರ ಪ್ರವಚನ ಶುರುವಾಗುತ್ತಿತ್ತು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದವನಿಗೆ ಉಗಿದದ್ದು, ಬರಿಗಾಲಲ್ಲಿ ಮೋಟಾರಿನ ಹತ್ತಿರ ಹೋದವನನ್ನು ವಾಪಸ್ಸು ಅಟ್ಟಿದ್ದು, ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ತಂತಿ ಮರೆತವನ ಜನ್ಮ ಜಾಲಾಡಿದ್ದು.

"ಕರೆಂಟಿಗೆ ಬೂಮಿಗೆ ಓಗೋದೊಂದೇ ಆಸೆ ಕಣಮ್ಮ. ನಾವು ತಂತಿ ಕಟ್ಟಿ ದಾರಿ ಕೊಡ್ಲಿಲ್ಲ ಅಂದ್ರೆ ಮನುಸನ್ನೇ ದಾರಿ ಮಾಡ್ಕೊಂತದೆ" ಎನ್ನುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಗಣಿ ಸರ್ಕಾರದ ಕೈಗೆ ಬಂದ ಹೊಸತು. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ತನ್ನ ಸೀಮೆಗೆ ಹೊರಟ ಒಬ್ಬ ದೊರೆ ತನ್ನ ಮೀನಿನ ತೊಟ್ಟಿಯನ್ನು ಮಾವನಿಗೆ ಕೊಟ್ಟುಹೋದ. ಕಬ್ಬಿಣದ ಚೌಕಟ್ಟಿಗೆ ಕೂರಿಸಿದ ಗಾಜು, ಒಳಗೆ ಬೆರಳುದ್ದದ ಎಂಟು ಕೆಂಪು ಮೀನು. ಅವು ಬಿಸಿ ದೇಶದವಂತೆ, ನಮ್ಮ ಚಳಿಗೆ ಸತ್ತೇಹೋಗುತ್ತವಂತೆ. ಅದಕ್ಕೇ ನೀರಿನೊಳಗೆ ಒಂದು ಹೀಟರು ಇತ್ತು. ಗಾಜಿನ ಕೊಳವೆ, ಅದರೊಳಗೆ ಸುರುಳಿ ತಂತಿ, ಬಾಯಿಗೆ ರಬ್ಬರಿನ ಬಿರಡೆ. ಗಣಿಯ ಮನೆಗಳಲ್ಲಿ ಗಂಡಸರು ಚಳಿಗೆ ನಡುಗುತ್ತಾ ತಣ್ಣೀರು ಸುರಿದುಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮ ಮೀನುಗಳಿಗೆ ಮಾತ್ರ ಇಪ್ಪತ್ನಾಲ್ಕು ಗಂಟೆ ಬೆಚ್ಚನೆಯ ಸ್ನಾನ.

ಬಿರಡೆ ಒಣಗಿ ಬಿರುಕು ಬಿಟ್ಟಿತ್ತು. ಮಾವ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಮೇಲೆ ಅರಗು ಮೆತ್ತಿ, ತೊಟ್ಟಿಯನ್ನು ಪಡಸಾಲೆಯ ದೇವರ ಪಟಗಳ ಕೆಳಗಿಟ್ಟು, ಹೀಟರಿನ ತಂತಿಯನ್ನು ಅಲ್ಲಿದ್ದ ಬಲ್ಬಿನ ಹೋಲ್ಡರಿಗೆ ಸಿಕ್ಕಿಸಿದರು. ತೊಟ್ಟಿಯ ಚೌಕಟ್ಟಿನಿಂದ ನೆಲಕ್ಕೆ ಹೋಗಬೇಕಾದ ಇನ್ನೊಂದು ತಂತಿಯನ್ನು ಕತ್ತರಿಸಿ ಎಸೆದರು.

"ಮಾವ, ನೀವು ಏಳೋ ಅರ್ತು ಅದೇ ಅಲ್ವಾ?" ಎಂದೆ.

"ಇದು ಮನೆ ಕಣಮ್ಮ, ಗಣಿ ಅಲ್ಲ."

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ವಾರ ಕಳೆದಿರಬೇಕು. ಅತ್ತೆ ಸ್ನಾನ ಮಾಡಿ, ಮರದ ಮಣೆಯ ಮೇಲೆ ನಿಂತು ಪೂಜೆ ಮುಗಿಸಿ, ಹಾಗೇ ತೊಟ್ಟಿಗೆ ಕೈ ಚಾಚಿ ಮೀನಿಗೆ ಕಾಳು ಹಾಕಿದರು. ಬೆರಳು ನೀರಿಗೆ ತಾಕಿದ್ದೇ ಮೈಯೆಲ್ಲ ಜುಮ್ಮೆಂದಿತು. ಅತ್ತೆ ಕಣ್ಣು ಮುಚ್ಚಿದರು. ಇನ್ನೊಮ್ಮೆ ಮುಟ್ಟಿದರು, ಇನ್ನೊಮ್ಮೆ ಜುಮ್ಮೆಂದಿತು. ವಿಷ್ಣು ಮೀನಾಗಿ ಬಂದದ್ದು ಪುರಾಣದಲ್ಲೇ ಇರುವಾಗ ಉರಿಗಾಮಿಗೆ ಯಾಕೆ ಬರಬಾರದು? ಸಂಜೆಯೊಳಗೆ ಗಾಜಿಗೆ ಅರಿಶಿನ ಕುಂಕುಮ ಬಿತ್ತು. ಶುಕ್ರವಾರ ಸಾಲುಮನೆಯ ಹೆಂಗಸರೆಲ್ಲ ಬಂದು, ಒಬ್ಬೊಬ್ಬರಾಗಿ ಅದೇ ಮಣೆ ಹತ್ತಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಕ್ಕದ ಮನೆಯ ತಮಿಳು ಅಜ್ಜಿ "ಸಾಮಿ ಇರುಕ್ಕುಮ್ಮಾ!" ಎಂದು, ದೇವರಿದ್ದಾನಮ್ಮಾ ಎಂದು, ಅತ್ತೇಬಿಟ್ಟಳು. ಭಾನುವಾರದ ಕೆರೆ ಮೀನಿನ ಸಾರಿಗೆ ಮಾತ್ರ ಈ ಅವತಾರದಿಂದ ಯಾವ ಅಡ್ಡಿಯೂ ಆಗಲಿಲ್ಲ.

ಎದುರುಮನೆಯ ಫಿಟ್ಟರ್ ಒಬ್ಬ ಮಾತ್ರ ಮಾವನ ಮುಂದೆ ನಗುತ್ತಾ "ಕರೆಂಟು ಸೋರ್ತಾ ಐತೆ, ನೋಡಣ್ಣೋ" ಎಂದ.

ಮಾವನ ಮೀಸೆ ಅದುರಿತು. "ನಾನು ಕಟ್ಟಿದ ಕನೆಕ್ಸನ್ನು ಸೋರ್ತದಾ? ಓಗ್ಲಾ ಓಗು, ಸ್ಪ್ಯಾನರ್ ಇಡ್ಕೊಂಡೋನು ನಂಗೆ ಕರೆಂಟು ಕಲಿಸ್ತಾನೆ! ದೇವ್ರು ಇದ್ರೂ ಇರ್ಬೌದು, ಯಾರು ಕಂಡೋರು?"

ಅಲ್ಲಿಗೆ ದೇವರಿಗೆ ಮೇಸ್ತ್ರಿಯ ಸರ್ಟಿಫಿಕೇಟೂ ಸಿಕ್ಕಿತು.

ನಾನೂ ನಂಬಿದೆ. ನನ್ನ ಮೊದಲ ಬಸಿರು ಐದನೇ ತಿಂಗಳಿಗೇ ಇಳಿದುಹೋಗಿತ್ತು, ಈಗ ಎರಡನೆಯದು. ಮಗು ಉಳಿಸು ಎಂದು ಕಲ್ಲಿಗೆ ಬೇಡಿಕೊಂಡವಳಿಗೆ ಮೀನು ದೊಡ್ಡದೇ? ಅತ್ತೆ ಹರಕೆ ಹೊತ್ತರು. ಏಳನೇ ತಿಂಗಳ ಸೀಮಂತದ ದಿನ ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ಎರಡೂ ಕೈಗಳನ್ನು ಮೊಣಕೈವರೆಗೆ ಮೂರು ಸಲ ತೊಟ್ಟಿಯಲ್ಲಿ ಅದ್ದಬೇಕು. "ಅರಕೆ ಅಂದ್ಮೇಲೆ ಮಣೆ ಗಿಣೆ ಇಲ್ಲ. ತೊಳೆದ ನೆಲದ ಮೇಲೆ ನಿಂತ್ರೇನೇ ಪಲ" ಎಂದರು ಅತ್ತೆ. ಮಾವ ಪಕ್ಕದಲ್ಲೇ ಕೂತು ಮುದ್ದೆ ಮುರಿಯುತ್ತಿದ್ದರು. "ಚಳಿ ಐತೆ, ಆಮೇಲ್ ನೋಡಾನ" ಎಂದು ಗೊಣಗಿದರು, ಅಷ್ಟೆ.

ಸೀಮಂತಕ್ಕೆ ನಾಲ್ಕು ದಿನ ಇದ್ದಾಗ ನಾನದನ್ನು ಕಂಡೆ. ಅತ್ತೆ ಬೀದಿ ನಲ್ಲಿಗೆ ಹೋಗಿದ್ದರು. ಮಾವ ಮೀನಿಗೆ ಕಾಳು ಹಾಕುತ್ತಿದ್ದರು. ಕಾಲಲ್ಲಿ ಗಣಿಯ ರಬ್ಬರ್ ಬೂಟು. ಹೊಸ್ತಿಲೊಳಗೆ ಚಪ್ಪಲಿ ಕಂಡರೆ ಅತ್ತೆ ಮನೆ ಕಿತ್ತುಹಾಕುತ್ತಿದ್ದರು, ಆದರೆ ಮಾವ ದೇವರ ಪಟಗಳ ಕೆಳಗೆ ಮೊಣಕಾಲುದ್ದದ ಬೂಟು ಹಾಕಿ ನಿಂತಿದ್ದಾರೆ. ಎಡಗೈ ಬೆನ್ನ ಹಿಂದೆ.

"ಮಾವ, ಬೂಟು ಯಾಕೆ?"

"ನೆಲ ತಣ್ಣಗೈತೆ ಕಣಮ್ಮ."

ಎರಡು ವರ್ಷ ಅವರ ಪ್ರವಚನವನ್ನು ಪುಕ್ಕಟೆ ಕೇಳಿದವಳು ನಾನು. ಬೂಟೂ ಬೆನ್ನ ಹಿಂದಿನ ಕೈಯೂ ಕರೆಂಟಿಗೆ ದಾರಿ ಕೊಡದಿರುವುದಕ್ಕೆ. ಒದ್ದೆ ಕೈ, ಬರಿಗಾಲು, ಭೂಮಿಗೆ ಹೋಗುವ ಆಸೆ. ಸೀಮಂತದ ದಿನ ಆ ದಾರಿ ನಾನು, ನನ್ನ ಹೊಟ್ಟೆಯಲ್ಲಿದ್ದ ಮಗು. ಇವರಿಗೆ ಎಲ್ಲವೂ ಗೊತ್ತಿತ್ತು. ಅತ್ತೆಯ ಅಜ್ಞಾನವನ್ನು ನಾನು ಅಂದೇ ಕ್ಷಮಿಸಿದೆ, ಈ ಬೂಟುಗಳನ್ನು ಇಂದಿಗೂ ಕ್ಷಮಿಸಿಲ್ಲ. ಗಂಡನಿಗೆ ಹೇಳಿದರೆ "ಅಪ್ಪಂಗೆ ನೀನು ಏಳ್ಕೊಡ್ತೀಯಾ?" ಎಂದು ಮಗ್ಗುಲು ಬದಲಿಸಿದರು.

ಸೀಮಂತದ ದಿನ ಪಡಸಾಲೆಯ ತುಂಬ ಹೆಂಗಸರು. ನೆಲ ತೊಳೆದು ರಂಗೋಲಿ ಬಿಟ್ಟಿದ್ದರು. ನನ್ನ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವ ಗಣಿಯ ಬೂಟು ಹಾಕಿಕೊಂಡೇ ಬಾಗಿಲಾಚೆ ಗೋಡೆಗೊರಗಿ ನಿಂತಿದ್ದರು.

"ಅತ್ತೆ, ಮನೆಗೆ ದೊಡ್ಡೋರು ಮಾವ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಮೊದ್ಲು ಅವ್ರು ಮುಟ್ಲಿ. ಬೂಟು ಬಿಚ್ಚಿಟ್ಟು, ನನ್ ಪಕ್ಕ ಈ ನೀರಲ್ಲೇ ನಿಂತ್ಕೊಂಡು. ಆಮೇಲೆ ನಾನು ಅದ್ದುತೀನಿ."

ಮಾವ ನನ್ನ ಕಾಲು ನೋಡಿದರು, ನನ್ನ ಹೊಟ್ಟೆ ನೋಡಿದರು. ಆಮೇಲೆ ಮೆಲ್ಲಗೆ ನಡೆದುಹೋಗಿ ಸ್ವಿಚ್ಚು ಆರಿಸಿ, ಹೋಲ್ಡರಿನಿಂದ ತಂತಿ ಕಿತ್ತರು. ಬೂಟು ಬಿಚ್ಚಿ, ಬಂದು ತೊಟ್ಟಿಗೆ ಕೈ ಅದ್ದಿದರು. ಬಳಿಕ ನಾನೂ ಅದ್ದಿದೆ, ಮೂರು ಸಲ. ನೀರು ಬರೀ ನೀರಾಗಿತ್ತು. ಸಾಲಿನಲ್ಲಿ ಬಂದ ಹೆಂಗಸರು ಮುಟ್ಟಿ ಮುಟ್ಟಿ ಮುಖ ಮುಖ ನೋಡಿಕೊಂಡರು.

"ಓದ್ಳು! ತಾಯಿ ಓಗ್ಬಿಟ್ಳು! ಇವ್ಳ್ ಬಾಯಿ ದೆಸೆಯಿಂದ!" ಎಂದು ಅತ್ತೆ ಎದೆ ಬಡಿದುಕೊಂಡರು. ವಿಷ್ಣು ಯಾವಾಗ ತಾಯಿಯಾದನೋ ನಾನು ಕೇಳಲಿಲ್ಲ. ಮಾವ ಬೂಟು ಎತ್ತಿಕೊಂಡು ಹೊರಗೆ ನಡೆದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಮೂರು ದಿನದ ಚಳಿಗೆ ಎಂಟೂ ಮೀನು ಹೊಟ್ಟೆ ಮೇಲಾಗಿ ತೇಲಿದವು, ಆ ಪಾಪವೂ ನನ್ನ ತಲೆಗೇ ಬಂತು.

ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ಅವಳಿಗೆ ಮೂರು ತಿಂಗಳಾದಾಗ ಒಂದು ಭಾನುವಾರ ಮಾವ ಯಾರಿಗೂ ಹೇಳದೆ ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಕಬ್ಬಿಣದ ಪೈಪು ಹೂತು, ಮನೆಯೊಳಗಿಂದ ಅದಕ್ಕೊಂದು ಅರ್ತ್ ತಂತಿ ಎಳೆದರು. ಕೈ ತೊಳೆಯುತ್ತಾ, ನನ್ನ ಮುಖ ನೋಡದೆ, "ದಿನಾ ಒಂದು ಚೊಂಬು ನೀರು ಉಯ್ತಿರಮ್ಮ. ಒಣಗಬಾರ್ದು" ಎಂದರು. ಆ ಬಾಯಿಂದ ಬಂದ ತಪ್ಪೊಪ್ಪಿಗೆ ಅಷ್ಟೇ.

ದಿನಾ ಬೆಳಿಗ್ಗೆ ನೀರು ಹುಯ್ದೆ. ಸೊಸೆ ಸ್ನಾನ ಮಾಡಿ ಹಿತ್ತಲ ಗುಂಡಿಗೆ ನೀರೆರೆಯುವುದನ್ನು ಅತ್ತೆ ಒಂದು ವಾರ ನೋಡಿದರು. ಎಂಟನೇ ದಿನ ನಾನು ಹೋಗುವಷ್ಟರಲ್ಲಿ ಪೈಪಿಗೆ ಅರಿಶಿನ ಕುಂಕುಮ ಹತ್ತಿತ್ತು, ಅತ್ತೆ ಬರಿಗಾಲಲ್ಲಿ ನಿಂತು ಕೈ ಮುಗಿಯುತ್ತಿದ್ದರು. ಮಾವ ನನ್ನನ್ನು ನೋಡಿದರು, ನಾನು ಮಾವನನ್ನು ನೋಡಿದೆ. ಈ ದೇವರು ನಿಜವಾಗಿಯೂ ಮನೆ ಕಾಯುತ್ತಿತ್ತು. ಈ ಸಲ ನಾನೂ ಬಾಯಿ ಬಿಡಲಿಲ್ಲ.