ಇವರು ಕೇಳಿದ ಎರಡನೇ ಗ್ಲಾಸು

ಮೂವತ್ತೆರಡು ವರ್ಷ ಸಂಸಾರ ಮಾಡಿದ ಗಂಡನ ನಾಲಿಗೆಯ ಪರಿಚಯ ನನಗಿಲ್ಲ ಎಂದು ಗೊತ್ತಾದದ್ದು ಕಳೆದ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಎದುರಿನಲ್ಲಿ. ನಿಮಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ನನಗಾದ ಆಘಾತ ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲ್ಯಾಣಪುರದವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದೆ. ಆದರೆ ಸಂಧಿ ಸಮಾಸ ಕಲಿಸಿದ್ದಕ್ಕೆ ನನ್ನನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಸಂತೆಕಟ್ಟೆಯವರೆಗೂ ನಾನು ‘ಕ್ರಿಸ್ಮಸ್ ವೈನಿನ ಸಿಸಿಲಿಯಾ ಬಾಯಿ’. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ದಾಲ್ಚಿನ್ನಿ, ದೊಡ್ಡ ಭರಣಿ, ಇಪ್ಪತ್ತೊಂದು ದಿನ. ಇದು ನನ್ನ ಅತ್ತೆ ಹೇಳಿಕೊಟ್ಟ ಕ್ರಮ. ಅವರು ಹೇಳಿದ್ದಕ್ಕಿಂತ ಒಂದು ಬೊಗಸೆ ಸಕ್ಕರೆ ನಾನೇ ಹೆಚ್ಚು ಹಾಕುತ್ತಿದ್ದೆ, ಸೊಸೆ ಜಿಪುಣಿ ಎಂದು ಯಾರೂ ಅನ್ನಬಾರದಲ್ಲ. ಭರಣಿ ಇಟ್ಟ ಮೂಲೆಗೆ ನಮ್ಮ ವಾಳೆಯ, ಅಂದರೆ ಇಗರ್ಜಿಯ ನಮ್ಮ ವಾರ್ಡಿನ ಇರುವೆಗಳೆಲ್ಲ ಸಾಲುಗಟ್ಟಿ ಬರುತ್ತಿದ್ದವು. ಅದನ್ನೂ ನಾನು ಪ್ರಶಂಸೆಯೆಂದೇ ತಿಳಿದಿದ್ದೆ.

ಆ ಭಾನುವಾರ ಮಣಿಪಾಲದಿಂದ ಮಗಳು ರೆನಿಟಾ ಊಟಕ್ಕೆ ಬಂದಳು. ಅವಳು ಅಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬರುವಾಗ ಪತ್ರಿಕೆಯಲ್ಲಿ ಸುತ್ತಿದ ಒಂದು ಬಾಟಲಿ ತಂದಿದ್ದಳು. ಅವಳ ಕಾಲೇಜು ಗೆಳತಿ ಶ್ರುತಿ ಬಜಗೋಳಿಯ ಹತ್ತಿರ ಸಣ್ಣ ವೈನರಿ ಹಾಕಿದ್ದಾಳಂತೆ. ವಿಜಯಪುರದ ಕಡೆಯಿಂದ ಎರಡು ಜಾತಿಯ ಬಿಳಿ ದ್ರಾಕ್ಷಿ ತರಿಸಿ, ಏನೂ ಬೆರೆಸದೆ, ಅದರಷ್ಟಕ್ಕೇ ಹುಳಿಬರಲು ಬಿಟ್ಟು ಮಾಡಿದ ವೈನು. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ‘ಸೇವರಿ’ ಎಂದು ಬರೆದಿತ್ತು.

ಕನ್ನಡ ಟೀಚರಿಗೆ ಪದ ಸಿಕ್ಕಿದರೆ ಊಟ ತಣ್ಣಗಾಗುತ್ತದೆ. ಸೇವರಿಗೆ ಕನ್ನಡದಲ್ಲಿ ಏನನ್ನುವುದು? ನಮ್ಮ ಮದುವೆಯ ಅಡುಗೆಯವರು ‘ಒಂದು ಸ್ವೀಟು, ಒಂದು ಖಾರ’ ಎಂದು ಜಗತ್ತನ್ನು ಎರಡೇ ಭಾಗ ಮಾಡಿದ್ದಾರೆ. ಹಾಗಾದರೆ ಇದು ಖಾರದ ವೈನೇ? ಷಡ್ರಸಗಳನ್ನು ಬೆರಳಲ್ಲಿ ಎಣಿಸಿದೆ, ಯಾವುದೂ ಹೊಂದಲಿಲ್ಲ. ಆಗ ಉಡುಪಿಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆ ನೆನಪಾಯಿತು. ಅವರಲ್ಲಿ ಬಡಿಸುವಾಗ ಉಪ್ಪನ್ನು ಉಪ್ಪು ಎನ್ನುತ್ತಿರಲಿಲ್ಲ, ‘ರುಚಿ’ ಎನ್ನುತ್ತಿದ್ದರು. ಇದನ್ನು ಮೇಜಿನಲ್ಲಿ ವಿವರಿಸುತ್ತಿದ್ದಂತೆ ರೆನಿಟಾ ಮೂರು ಗ್ಲಾಸಿಗೆ ಸುರಿದಾಗಿತ್ತು.

ಬಣ್ಣ ಅಕ್ಕಿ ತೊಳೆದ ನೀರಿನಂತೆ ಮಬ್ಬು. ಒಂದು ಗುಟುಕು ಕುಡಿದೆ. ಕಾಪುವಿನ ಕಡಲಿನಲ್ಲಿ ಮಿಂದು ಬಂದು ತುಟಿ ನೆಕ್ಕಿಕೊಂಡ ಹಾಗಾಯಿತು. ಉಪ್ಪುಪ್ಪು, ಹುಳಿ, ಕೊನೆಯಲ್ಲಿ ಮಾವಿನಮಿಡಿಯ ಸೊನೆಯಂಥದ್ದೇನೋ. ಸಿಹಿಯ ಸುಳಿವೇ ಇಲ್ಲ. ಪಾಪ, ಹುಡುಗಿ ಸಕ್ಕರೆ ಹಾಕಲು ಮರೆತಿದ್ದಾಳೆ ಎಂದುಕೊಂಡು ಗ್ಲಾಸು ಕೆಳಗಿಟ್ಟೆ.

ನನ್ನ ಗಂಡ ಲಾರೆನ್ಸ್ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಇಪ್ಪತ್ತು ವರ್ಷ ಕುವೈತಿನಲ್ಲಿ ಕ್ರೇನು ನಡೆಸಿದವರು, ಎತ್ತರದಲ್ಲಿ ಒಬ್ಬರೇ ಕೂತು ಅಭ್ಯಾಸ, ಮಾತು ಕಡಿಮೆ. ಒಂದು ತುಂಡು ಬಂಗುಡೆ ತಿಂದರು, ಒಂದು ಗುಟುಕು ಕುಡಿದರು. ಮತ್ತೊಂದು ತುಂಡು, ಮತ್ತೊಂದು ಗುಟುಕು. ಗ್ಲಾಸು ಖಾಲಿಯಾಯಿತು. ಅದನ್ನು ಮಗಳ ಕಡೆಗೆ ಸರಿಸಿ ಹೇಳಿದರು:

“ಇನ್ನು ಸ್ವಲ್ಪ ಹಾಕು.”

ಬಂಗುಡೆಯ ಮುಳ್ಳು ನನ್ನ ಕೈಯಲ್ಲೇ ಉಳಿಯಿತು. ಮೂವತ್ತೆರಡು ವರ್ಷದಲ್ಲಿ ಊರಲ್ಲಿದ್ದ ಯಾವ ಕ್ರಿಸ್ಮಸ್‌ನಲ್ಲೂ ಈ ಮನುಷ್ಯ ನನ್ನ ವೈನಿನ ಎರಡನೇ ಗ್ಲಾಸು ಕೇಳಿದ್ದಿಲ್ಲ. ನಾನು ಅದನ್ನು ಸಂಯಮ ಎಂದುಕೊಂಡಿದ್ದೆ. ಕುಡಿದು ಬರುವ ಗಂಡಂದಿರ ಕಥೆ ಹೇಳುವ ಹೆಂಗಸರ ಮುಂದೆ ಇವರ ಸಂಯಮವನ್ನು ಎಷ್ಟು ಕೊಂಡಾಡಿದ್ದೆ! ಮಗಳ ಮುಖ ನೋಡಿದೆ. ಅವಳು ತಟ್ಟೆ ನೋಡುತ್ತಿದ್ದಳು. ಅವಳಿಗೆ ಏನೋ ಗೊತ್ತುಂಟು ಎಂದು ತಿಳಿಯಲು ಅಷ್ಟು ಸಾಕಾಯಿತು.

ಪಾತ್ರೆ ತೊಳೆಯುವಾಗ ಅಡಿಗೆಮನೆಯ ಬಾಗಿಲು ಹಾಕಿ ಕೇಳಿದೆ. ರೆನಿಟಾ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು: “ಪಪ್ಪ ನಿನ್ನ ವೈನನ್ನು ಬಸಳೆ ಚಪ್ಪರದ ಬುಡಕ್ಕೆ ಹಾಕುವುದು ಮಮ್ಮಿ. ನಾನು ಸಣ್ಣದಿರುವಾಗಿನಿಂದ ನೋಡಿದ್ದೇನೆ.”

ಗಲ್ಫಿನಿಂದ ರಜೆಯಲ್ಲಿ ಬಂದಾಗಲೂ, ಬಂದು ನೆಲೆಸಿದ ಮೇಲೂ, ಇವರು ಗ್ಲಾಸು ಹಿಡಿದು ಹಿಂದಿನ ಜಗಲಿಗೆ ಹೋಗುತ್ತಿದ್ದರು. ಒಬ್ಬರೇ ಕೂತು ಸವಿಯುತ್ತಾರೆ ಎಂದು ಮಕ್ಕಳನ್ನು ಆ ಕಡೆ ಹೋಗಲು ಬಿಡುತ್ತಿರಲಿಲ್ಲ ನಾನು. ನಮ್ಮ ಬಸಳೆ ಇಡೀ ವಾಳೆಯಲ್ಲೇ ಹೆಸರುವಾಸಿ. ಗೊಬ್ಬರ ಎಂತದ್ದು ಎಂದು ಕೇಳಿದವರಿಗೆ ಸೆಗಣಿ ಎಂದಿದ್ದೆ.

ಎರಡು ದಿನ ನಾನು ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇವರೇ ಚಹಾ ಮಾಡಿ ತಂದಿಟ್ಟು ಎದುರು ಕೂತರು. ನಮ್ಮ ಮದುವೆಯಾದ ವರ್ಷದ ಕ್ರಿಸ್ಮಸ್ ನೆನಪುಂಟಾ ಎಂದರು. ನಾನು ಮೊದಲ ಸಲ ವೈನು ಮಾಡಿ, ದ್ರಾಕ್ಷಿಯ ಬಣ್ಣ ಅಂಟಿದ ಕೈಯಲ್ಲಿ ಗ್ಲಾಸು ತಂದಿದ್ದೆನಂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಅವರ ಮುಖವನ್ನೂ ಇವರ ಮುಖವನ್ನೂ ನಾನು ಸರದಿಯಲ್ಲಿ ನೋಡುತ್ತಿದ್ದೆನಂತೆ. “ಲಾಯ್ಕುಂಟು ಅಂದೆ. ಒಮ್ಮೆ ಹೇಳಿದ ಮೇಲೆ ಹಿಂದೆ ತೆಗೆದುಕೊಳ್ಳುವುದು ಹೇಗೆ, ಸಿಸಿಲ್?”

ಒಳ್ಳೆಯ ಉತ್ತರವೇ. ಆದರೂ ನನ್ನ ಸಿಟ್ಟಿಗೆ ಹೋಗಿ ಕೂರಲು ಒಂದು ಜಾಗ ಬೇಕಿತ್ತು. ಆ ಶ್ರುತಿಯ ವೈನಿನಲ್ಲಿ ಏನು ಮೋಸ ಉಂಟೆಂದು ನೋಡಿಬಿಡುವ ಎಂದು ಮುಂದಿನ ಶನಿವಾರ ಮಗಳ ಕಾರಿನಲ್ಲಿ ಹೊರಟೆ. ಹಿಂದಿನ ಕ್ರಿಸ್ಮಸ್‌ನ ನನ್ನದೊಂದು ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡೆ, ವೈನು ಅಂದರೆ ಎಂತದ್ದೆಂದು ಹುಡುಗಿಗೆ ತಿಳಿಯಲಿ ಎಂದು. ಕಾರ್ಕಳ ದಾಟುವವರೆಗೂ ರೆನಿಟಾ ರೇಡಿಯೊ ಹಾಕಲಿಲ್ಲ.

ವೈನರಿ ಎಂದರೆ ಹಂಚಿನ ಒಂದು ಉದ್ದ ಕಟ್ಟಡ. ಒಳಗೆ ತಂಪು, ಸಾಲಾಗಿ ಎದೆಯೆತ್ತರದ ಮಣ್ಣಿನ ಭರಣಿಗಳು. ಶ್ರುತಿ ಕಾಪುವಿನ ಮೀನುಗಾರರ ಮನೆಯವಳು. ತಂದೆ ಬೋಟಿಗೆ ಹೋಗುತ್ತಿದ್ದರು, ತಾಯಿ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದರು. ಹೊರಗೆ ವೈನಿನ ಕೆಲಸ ಕಲಿಯುವಾಗ ರುಚಿ ನೋಡಿದ ವೈನು ಯಾವುದೂ ತನ್ನ ಅಮ್ಮನ ಮೀನು ಸಾರಿನ ಜೊತೆ ಹೊಂದಲಿಲ್ಲ, ಹೊಂದುವಂಥದ್ದು ಒಂದು ಮಾಡಬೇಕೆಂದೇ ಇದನ್ನು ಶುರು ಮಾಡಿದ್ದು ಎಂದಳು. ಉಪ್ಪು ಎಷ್ಟು ಹಾಕುತ್ತೀ ಎಂದು ನಾನು ಪರೀಕ್ಷೆಯ ಧ್ವನಿಯಲ್ಲಿ ಕೇಳಿದೆ.

“ಹಾಕುವುದಿಲ್ಲ ಆಂಟಿ. ಸಿಹಿ ಎಲ್ಲ ಹೋದ ಮೇಲೆ ಉಳಿಯುವುದು ಇದು.”

ಆಮೇಲೆ ನನ್ನ ಬಾಟಲಿ ನೋಡಿ, ನಿಮ್ಮ ವೈನಿನ ಬಗ್ಗೆ ತುಂಬ ಕೇಳಿದ್ದೇನೆ, ಒಟ್ಟಿಗೆ ಕುಡಿಯುವ ಎಂದು ಎರಡು ಗ್ಲಾಸು ತಂದಳು. ನನ್ನ ಮುಂದೆ ನನ್ನದೇ ವೈನು ತುಂಬಿದ ಗ್ಲಾಸು ಬಂದಾಗ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ನಾನು ಇಪ್ಪತ್ತೊಂದನೆಯ ದಿನ ಒಂದು ಚಮಚ ನೆಕ್ಕಿ ನೋಡಿದ್ದೆ, ಅಷ್ಟೇ. ಆಮೇಲೆ ಸೋಸುವುದು, ತುಂಬಿಸುವುದು, ಹಂಚುವುದು, ಬಂದವರಿಗೆ ಕೊಡುವುದು. ಕೂತು ಒಂದು ಪೂರ್ತಿ ಗ್ಲಾಸು ಕುಡಿದವಳೇ ಅಲ್ಲ.

ಕುಡಿದೆ. ಕೆಮ್ಮಿನ ಔಷಧಕ್ಕೆ ಲವಂಗ ಹಾಕಿದ ಹಾಗಿತ್ತು. ಶ್ರುತಿ ಮರ್ಯಾದೆಯಿಂದ ತನ್ನದನ್ನು ಮುಗಿಸಿ ಪರಿಮಳ ಚಂದ ಉಂಟು ಎಂದಳು. ನಾನು ಅರ್ಧ ಗ್ಲಾಸು ಹಿಡಿದು, ದೇವರೇ, ಇಲ್ಲಿ ಎಲ್ಲಾದರೂ ಬಸಳೆ ಚಪ್ಪರ ಉಂಟೇ ಎಂದು ಕಿಟಕಿಯಿಂದ ಹೊರಗೆ ನೋಡಿದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವರಿಗೆ ಹೇಳಿದೆ, ನನಗೂ ಅದು ಇಷ್ಟವಿಲ್ಲ ಎಂದು. ಈಗ ಆಘಾತ ಅವರದು. ಓದುತ್ತಿದ್ದ ಪತ್ರಿಕೆ ಮಡಚಿ, ಹಾಗಾದರೆ ಇಷ್ಟು ವರ್ಷ ಯಾರಿಗಾಗಿ ಮಾಡಿದ್ದು ಎಂದು ಕೇಳಿದರು. ನಿಮಗಾಗಿ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಗು ಬಂತು, ನನಗೆ ಸ್ವಲ್ಪ ಅಳುವೂ ಬಂತು. ಗೋಡೆಯಲ್ಲಿ ಅತ್ತೆಯ ಫೋಟೊ ಇತ್ತು. ಅವರಿಗಾದರೂ ಇಷ್ಟವಿತ್ತೇ ಎಂದು ಕೇಳಲು ಇನ್ನು ಸಾಧ್ಯವಿಲ್ಲ.

ಆ ಸಲ ಶ್ರುತಿಯನ್ನು ಕೇಳಿ ಸಕ್ಕರೆಯಿಲ್ಲದೆ ಒಂದು ಸಣ್ಣ ಭರಣಿ ಇಟ್ಟೆ. ಡಿಸೆಂಬರಿನಲ್ಲಿ ಸೋಸಿ ಇವರ ಮುಂದಿಟ್ಟೆ. ಕುಡಿದರು. ಬಾಯಿಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ನಾನು ಕಾದೆ.

“ಇದು ಹಾಳಾಗಿದೆ, ಸಿಸಿಲ್. ವಿನೆಗರ್ ಆಗಿದೆ.”

ನಾನು ರುಚಿ ನೋಡಿದೆ. ಹೌದು, ಅಪ್ಪಟ ವಿನೆಗರ್. ಅದನ್ನೇ ಹಾಕಿ ಆ ದಿನ ಹಂದಿಮಾಂಸದ ವಿಂದಾಲು ಮಾಡಿದೆ. ಮದುವೆಯಾದಂದಿನಿಂದ ಇವರು ನನ್ನ ಕೈಯ ಯಾವುದನ್ನಾದರೂ ಚೆನ್ನಾಗಿಲ್ಲ ಎಂದದ್ದು ಅದೇ ಮೊದಲು. ಒಲೆಯ ಮುಂದೆ ನಾನು ಯಾಕೆ ಗುನುಗುತ್ತಿದ್ದೆ ಎಂದು ನನಗೇ ತಿಳಿಯಲಿಲ್ಲ.

ಆಮೇಲೆ ಇವರ ಬಾಯಿ ಬಿಚ್ಚಿಬಿಟ್ಟಿದೆ. ನಾನು ಬೇಯಿಸುವ ಸಣ್ಣಾಂ ಇಡ್ಲಿ ಗಟ್ಟಿಯಂತೆ, ನನ್ನ ನೀಲಿ ಸೀರೆ ನನಗೆ ಒಪ್ಪುವುದಿಲ್ಲವಂತೆ, ಇಗರ್ಜಿಯಲ್ಲಿ ನಾನು ಹಾಡುವಾಗ ಒಂದು ಸ್ವರ ಮೇಲಿರುತ್ತೇನಂತೆ. ಆ ಮೂವತ್ತೆರಡು ವರ್ಷಗಳ ಮೌನಕ್ಕೂ ಅದರದೇ ಗುಣವಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಿನ್ನೆ ಮಧ್ಯಾಹ್ನ ಸಾರಿಗೆ ಉಪ್ಪು ಸಾಲದು ಎಂದರು. ಉಪ್ಪಿನ ಡಬ್ಬಿಯನ್ನು ಅವರ ಕಡೆ ದೂಡಿದೆ. ಅವರು ಹಾಕಿಕೊಂಡ ಮೇಲೆ, ಅವರು ನೋಡದಿರುವಾಗ, ನಾನೂ ಒಂದು ಚಿಟಿಕೆ ಹಾಕಿಕೊಂಡೆ.