ನಾಟಿ ಹಚ್ಚುವವರ ಮುಖ

೧೯೮೪ರಲ್ಲಿ ನಾನು ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗಿನ ಮೊದಲ ಹಂತದ ಸರ್ಕಾರಿ ಪರೀಕ್ಷೆಗೆ ಲೋಯರ್ ಎನ್ನುತ್ತಿದ್ದೆವು. ನನ್ನ ವಿದ್ಯಾರ್ಥಿಗಳು ಅದರಲ್ಲಿ ಫೇಲಾಗುತ್ತಿರಲಿಲ್ಲ. ಆ ಜಂಬ ನನಗೆ ಸಾಕಷ್ಟಿತ್ತು.

ಗುಟ್ಟೇನೂ ಇರಲಿಲ್ಲ. ನೆನಪಿನಿಂದ ಬರೆಯುವ ಚಿತ್ರಕ್ಕೆ ಎರಡು ತಾಸು. ಮೂರು ಆಕೃತಿ, ಮುಖ ಕಾಣಬೇಕು, ಹಿಂದೆ ಗುಡ್ಡ. ನಾನೊಂದು ಮಾದರಿ ಮಾಡಿಟ್ಟಿದ್ದೆ. ವಿಷಯ ಸಂತೆಯಾದರೂ ಸರಿ, ಭತ್ತದ ನಾಟಿಯಾದರೂ ಸರಿ, ಅದೇ ಮೂವರು ಕೈಯಲ್ಲಿ ಬೇರೆ ಸಾಮಾನು ಹಿಡಿದು ನಿಲ್ಲುತ್ತಿದ್ದರು.

ಒಂಬತ್ತನೆಯ ಕ್ಲಾಸಿನ ಗಂಗಮ್ಮ ರಜೆಯ ದಿನ ಅವ್ವನ ಜೊತೆ ನಾಟಿಗೆ ಹೋಗುತ್ತಿದ್ದವಳು. ಡ್ರಾಯಿಂಗ್ ಟೀಚರ್ ಆಗಬೇಕೆಂಬ ಆಸೆ ಅವಳಿಗೆ. ಲೋಯರ್ ಪಾಸಾದರೆ ಮುಂದೆ ಓದಿಸಲು ಅಪ್ಪ ಒಪ್ಪಿದ್ದ. ಅದೂ ಒಂದೇ ಸಲ, ಇಲ್ಲವಾದರೆ ಶಾಲೆ ಬಿಡಬೇಕು. ಅವಳು ಬರೆದು ತಂದ ನಾಟಿಯ ಚಿತ್ರದಲ್ಲಿ ಆಕಾಶವೇ ಇರಲಿಲ್ಲ. ಹಾಳೆಯ ತುಂಬ ಕೆಸರುನೀರು, ಬಾಗಿದ ಮೂರು ಬೆನ್ನು.

“ಮುಖ ಎಲ್ಲೈತವ್ವಾ?” ಎಂದೆ.

“ನಾಟಿ ಹಚ್ಚುವಾಗ ಯಾರ ಮುಖಾನೂ ಕಾಣಂಗಿಲ್ರಿ ಸರ್. ಬೆನ್ನಷ್ಟ ಕಾಣ್ತಾವು.”

ಚಿತ್ರ ನನಗೆ ಬಹಳ ಹಿಡಿಸಿತ್ತು. ಹಾಗಂತ ಹೇಳಲಿಲ್ಲ. “ಮಾರ್ಕ್ಸ್ ಬೇಕಂದ್ರ ಮುಖ ಬೇಕು. ನಿನ್ನ ಜಾಣತನ ಪಾಸಾದ ಮ್ಯಾಲೆ ತೋರಿಸು” ಎಂದು ಗದರಿಸಿ, ನನ್ನ ಮಾದರಿಯನ್ನು ಇಪ್ಪತ್ತು ಸಲ ಬರೆಸಿದೆ.

ಹೊಸಪೇಟೆಯಲ್ಲಿ ಪರೀಕ್ಷೆ. ನಾಟಿಯ ಚಿತ್ರವೇ ಬಂದಿತ್ತು. ಹೊರಗೆ ಬಂದವಳು ಖುಷಿಯಲ್ಲಿದ್ದಳು.

“ನಿಮ್ದೂ ಆಗ್ಲಿ, ನಂದೂ ಆಗ್ಲಿ ಅಂತ ಎರಡೂ ಮಾಡೀನ್ರಿ ಸರ್. ಬೆನ್ನು ಹಂಗ ಬಾಗಿಸಿ, ಮುಖ ಈ ಕಡೆ ತಿರುವೀನಿ.”

ಪ್ರಶ್ನೆಪತ್ರಿಕೆಯ ಹಿಂದೆ ಗೀಚಿ ತೋರಿಸಿದಳು. ಬಾಗಿದ ಮೈಗಳಿಗೆ ನಾನು ಕಲಿಸಿದ ನಗುಮುಖಗಳು. ಮೂವರ ಕತ್ತೂ ತಿರುಚಿ ಮುರಿದಂತಿತ್ತು. “ಚೊಲೋ ಆಗೇತಿ” ಎಂದೆ.

ಆ ವರ್ಷ ನಮ್ಮಲ್ಲಿ ಫೇಲಾದವಳು ಅವಳೊಬ್ಬಳೇ. ಇನ್ನೊಂದು ಸಲ ಪರೀಕ್ಷೆಗೆ ಕೂಡಿಸೋಣ ಎಂದು ಅವರ ಮನೆಗೇ ಹೋಗಿ ಅಪ್ಪನನ್ನು ಬೇಡಿಕೊಂಡೆ.

“ಒಂದ್ಸಲ ಅಂದಿದ್ದೆ, ಆತು. ಸಾಕು ಬಿಡ್ರಿ ಸರ್” ಎಂದ. ಗಂಗಮ್ಮ ಒಳಗಿನಿಂದ ನೀರು ತಂದುಕೊಟ್ಟಳು.

ಆಮೇಲೆ ನಾನು ಬದಲಾದೆನೆಂದು ಬರೆದರೆ ಸುಳ್ಳಾಗುತ್ತದೆ. ನಿವೃತ್ತನಾಗುವವರೆಗೂ ಅದೇ ಮಾದರಿಯನ್ನು ಕಲಿಸಿದೆ, ಎಲ್ಲರೂ ಪಾಸಾದರು. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಅರ್ಧ ತಿದ್ದಿದ ಕೈ ನಿಯಮಕ್ಕೂ ಒಗ್ಗುವುದಿಲ್ಲ, ತನ್ನದಾಗಿಯೂ ಉಳಿಯುವುದಿಲ್ಲ. ಇದು ತಿಳಿದು ಯಾರಿಗೂ ಉಪಯೋಗವಾಗಲಿಲ್ಲ.

ನಾಟಿಯ ದಿನಗಳಲ್ಲಿ ಹೊಸಪೇಟೆಗೆ ಹೋಗುವಾಗ, ಅವಳು ಕಂಡಾಳೆಂದು ಬಸ್ಸಿನ ಕಿಟಕಿಯ ಪಕ್ಕ ಕೂರುತ್ತೇನೆ. ಗದ್ದೆಯಲ್ಲಿ ಸಾಲಾಗಿ ಹೆಂಗಸರು ಬಾಗಿರುತ್ತಾರೆ. ಅವಳು ಹೇಳಿದ್ದು ನಿಜ, ಬೆನ್ನಷ್ಟೇ ಕಾಣುತ್ತವೆ. ಅವರಲ್ಲಿ ಗಂಗಮ್ಮ ಯಾರೆಂದು ನನಗೆ ಗೊತ್ತಾಗುವುದಿಲ್ಲ.